ಸೈನ್‌ಬೋರ್ಡ್ ಕೆಲಸಕ್ಕೆ ಕಂಪ್ಯೂಟರ್ ಸಾಕಾ, ಬ್ರಷ್ ಹಿಡಿದು ಬರೆಯೋದನ್ನೂ ಕಲಿಯಬೇಕಾ?

ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ ಕೋರಲ್‌ಡ್ರಾ ಒಂದಿಷ್ಟು ಬರುತ್ತದೆ, ಬೋರ್ಡ್ ಅಂಗಡಿ ಹಾಕಬೇಕು ಅಂತಿದ್ದೀರಿ, ಬ್ರಷ್ ಕೆಲಸ ಮುಗಿದ ಕಥೆಯಾ ಅಂತ ಕೇಳಿದ್ದೀರಿ. ನಾನು ಶಿವಮೊಗ್ಗ ಕಡೆಯವನು. ಮೊದಲು ತಗಡಿನ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದೆ, ಫ್ಲೆಕ್ಸ್ ಬಂದಾಗ ಫ್ಲೆಕ್ಸ್ ಮಾಡಿದೆ, ಈಗ ಹೆಚ್ಚಾಗಿ ಎಸಿಪಿ ಶೀಟು (ಎರಡು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್ ಇರುವ ಹಲಗೆ) ಮತ್ತು ಎಲ್‌ಇಡಿ ಅಕ್ಷರಗಳ ಕೆಲಸ. ನನ್ನ ಮಾತು ಕೇಳೋದಾದರೆ ಬ್ರಷ್ ಕಲಿಯಿರಿ. ಅದರಿಂದ ಜಾಸ್ತಿ ಆರ್ಡರ್ ಬರುತ್ತದೆ ಅಂತ ಹೇಳುತ್ತಿಲ್ಲ. ಯಾವ ಅಕ್ಷರಕ್ಕೆ ಎಷ್ಟು ಜಾಗ ಬೇಕು ಅನ್ನೋದು ಕಣ್ಣಿಗೆ ಹತ್ತಬೇಕಾದರೆ ಕೈಯಲ್ಲಿ ಬರೆದೇ ಹತ್ತಬೇಕು.

ಒಂದು ಹೆಸರು ತಗೊಳ್ಳಿ: ಶ್ರೀ ಲಕ್ಷ್ಮೀ ವೆಂಕಟೇಶ್ವರ ಕಾಂಡಿಮೆಂಟ್ಸ್. ಊರಿಗೊಂದು ಇರುವಂಥ ಹೆಸರೇ. ಇದನ್ನು ಹತ್ತಡಿ ಬೋರ್ಡಿಗೆ ಕೂರಿಸಬೇಕು. ‘ಲಕ್ಷ್ಮೀ’ಯಲ್ಲಿ ಕ ಕೆಳಗೆ ಷ ಒತ್ತು, ಅದರ ಜೊತೆಗೆ ಮ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಕಂಪ್ಯೂಟರ್ ಇದನ್ನು ಫಾಂಟಿನಲ್ಲಿ ಇದ್ದ ಹಾಗೆ ಇಟ್ಟುಬಿಡುತ್ತದೆ. ಕೆಳಗೆ ಎರಡು ಒತ್ತು ಇಕ್ಕಟ್ಟಿನಲ್ಲಿ ಒದ್ದಾಡುತ್ತಿರುತ್ತವೆ, ಮೇಲೆ ಅಕ್ಷರಗಳ ನಡುವೆ ಬಯಲು ಬಿದ್ದಿರುತ್ತದೆ. ಕೈಯಲ್ಲಿ ಬರೆಯುವವನು ಏನು ಮಾಡುತ್ತಾನೆ ಅಂದರೆ, ಷ ಒತ್ತನ್ನು ಸ್ವಲ್ಪ ಎಡಕ್ಕೆ ಎಳೆದು ಕ ಹೊಟ್ಟೆಯ ಕೆಳಗೇ ಸೇರಿಸುತ್ತಾನೆ, ಮ ಒತ್ತನ್ನು ದೀರ್ಘದ ಕೆಳಗಿನ ಖಾಲಿಗೆ ತಳ್ಳುತ್ತಾನೆ. ಪದ ಗಟ್ಟಿಯಾಗಿ ಕೂರುತ್ತದೆ. ಹಾಗೇ ಮ, ಯ ಅಗಲದ ಅಕ್ಷರಗಳು. ರ, ದ ಕಿರಿದು. ಎರಡು ದುಂಡು ಅಕ್ಷರ ಅಕ್ಕಪಕ್ಕ ಬಂದರೆ ಹತ್ತಿರ ತರಬೇಕು. ಸ್ಕೇಲ್ ಇಟ್ಟು ಸಮ ಜಾಗ ಬಿಟ್ಟರೆ ಕಣ್ಣಿಗೆ ಸಮ ಕಾಣುವುದಿಲ್ಲ. ಅನುಮಾನ ಬಂದರೆ ಬರೆದ ಹಾಳೆಯನ್ನು ತಲೆಕೆಳಗು ಮಾಡಿ ನೋಡಿ. ಓದೋಕೆ ಆಗಲ್ಲವಲ್ಲ, ಆಗ ಸಂದುಗಳು ಮಾತ್ರ ಕಾಣುತ್ತವೆ.

ಬ್ರಷ್ ಕೆಲಸದ ಕ್ರಮ ಹೀಗೆ. ತಗಡಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಸ್ಯಾಂಡ್ ಪೇಪರ್ ಹಾಕಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಎರಡು ಕೋಟ್ ಎನಾಮಲ್. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡೂ ಕಡೆ ಬಿಗಿ ಹಿಡಿದು ಚಿಮ್ಮಿದರೆ ನೇರ ಗೆರೆ ಬರುತ್ತದೆ. ಕನ್ನಡಕ್ಕೆ ಎರಡು ಗೆರೆ ಸಾಲದು, ನಾಲ್ಕು ಬೇಕು: ಗುಡಿಸಿಗೆ ಒಂದು, ತಲೆಕಟ್ಟಿಗೆ ಒಂದು, ಅಕ್ಷರದ ಪಾದಕ್ಕೆ ಒಂದು, ಒತ್ತಿನ ಕೊನೆಗೆ ಒಂದು. ಆಮೇಲೆ ಸೀಮೆಸುಣ್ಣದಲ್ಲೇ ತೆಳುವಾಗಿ ಬರೆದುಕೊಂಡು ಬಣ್ಣ. ಬ್ರಷ್ಷನ್ನು ಬಣ್ಣಕ್ಕೆ ಅದ್ದಿ ನೇರ ಬೋರ್ಡಿಗೆ ಇಡಬಾರದು. ಹಳೆಯ ಮದುವೆ ಕಾರ್ಡಿನ ಮೇಲೆ ಎರಡು ಸಲ ಎಳೆದು ತುದಿಯನ್ನು ಚಪ್ಪಟೆ ಮಾಡಿಕೊಳ್ಳಬೇಕು. ದುಂಡು ಅಕ್ಷರವನ್ನು ಒಂದೇ ಸುತ್ತಿನಲ್ಲಿ ಎಳೆಯೋಕೆ ಹೋಗಬೇಡಿ. ಎಡ ಅರ್ಧ ಮೇಲಿಂದ ಕೆಳಗೆ, ಬಲ ಅರ್ಧ ಮೇಲಿಂದ ಕೆಳಗೆ, ಎರಡೂ ಪಾದದಲ್ಲಿ ಸೇರಬೇಕು. ತುದಿಗೆ ಬಟ್ಟೆ ಸುತ್ತಿದ ಒಂದು ಕೋಲನ್ನು ಬೋರ್ಡಿಗೆ ಆನಿಸಿ ಅದರ ಮೇಲೆ ಮಣಿಕಟ್ಟು ಇಟ್ಟರೆ ಕೈ ನಡುಗುವುದಿಲ್ಲ. ಟರ್ಪೆಂಟೈನ್ ಜಾಸ್ತಿ ಆದರೆ ಬಣ್ಣ ಇಳಿಯುತ್ತದೆ, ಕಡಿಮೆ ಆದರೆ ಬ್ರಷ್ಷಿನ ಗೆರೆ ಕಾಣುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಎನಾಮಲ್ ಒಣಗೋದೇ ಇಲ್ಲ, ಹೊಳಪೂ ಸಾಯುತ್ತದೆ.

ಇನ್ನು ದೂರದ ಲೆಕ್ಕ. ಹತ್ತಡಿ ದೂರಕ್ಕೆ ಒಂದು ಇಂಚು ಎತ್ತರ ಅಂತ ಈ ಕಸುಬಿನಲ್ಲಿ ಒಂದು ಲೆಕ್ಕ ಇದೆ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಸರಿ. ಕನ್ನಡಕ್ಕೆ ನಾನು ಒತ್ತು ಬಿಟ್ಟು ಬರೀ ಅಕ್ಷರದ ಮೈಯನ್ನು ಅಳೆದು, ಅದರ ಮೇಲೆ ಅರ್ಧದಷ್ಟು ಸೇರಿಸುತ್ತೇನೆ. 60 ಅಡಿ ಆಚೆಯಿಂದ ಓದಬೇಕಾದರೆ 6 ಇಂಚಲ್ಲ, 9 ಇಂಚು. ಯಾಕೆ ಅಂದರೆ ನಮ್ಮ ಅಕ್ಷರಗಳ ವ್ಯತ್ಯಾಸ ಇರೋದೇ ಸಣ್ಣ ಗೆರೆಗಳಲ್ಲಿ. ದ ಮತ್ತು ಧ ನಡುವೆ ಒಂದು ಸೀಳು, ಪ ಮತ್ತು ವ ನಡುವೆ ತಲೆಯ ಹತ್ತಿರ ಒಂದು ಬಾಯಿ. ಗೆರೆ ದಪ್ಪ ಮಾಡಿದರೆ ಚೆನ್ನಾಗಿ ಕಾಣುತ್ತದೆ ಅಂತ ಗಿರಾಕಿ ಹೇಳುತ್ತಾರೆ. ದಪ್ಪ ಮಾಡಿದಷ್ಟೂ ಆ ಸೀಳು, ಆ ಬಾಯಿ ಮುಚ್ಚಿಹೋಗುತ್ತವೆ.

2024ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಆಗಿ, ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ ಬಂತಲ್ಲ, ಅಲ್ಲೂ ಇದೇ ಲೆಕ್ಕ. ಮೂರಡಿ ಎತ್ತರದ ಬೋರ್ಡ್ ಅಂದುಕೊಳ್ಳಿ, 36 ಇಂಚು. ಕನ್ನಡದ ಪಾಲು ಸುಮಾರು 21.6, ಇಂಗ್ಲಿಷಿನದು 14.4. ಎರಡೂ ಪಾಲಿನಲ್ಲಿ ಮೇಲೆ ಕೆಳಗೆ ಎರಡೆರಡು ಇಂಚು ಅಂಚು ಬಿಡಿ. ಕನ್ನಡಕ್ಕೆ ಉಳಿದ 17.6ರಲ್ಲಿ ಗುಡಿಸು, ಒತ್ತು ಸೇರಿ ಮೂರನೇ ಒಂದಕ್ಕಿಂತ ಜಾಸ್ತಿ ತಿನ್ನುತ್ತವೆ. ಮೈಗೆ ಸಿಗೋದು 11 ಇಂಚು. ಇಂಗ್ಲಿಷ್ ದೊಡ್ಡಕ್ಷರ ಪೂರ್ತಿ 10 ಇಂಚು ತಗೊಳ್ಳುತ್ತದೆ. ಅಂದರೆ ಅರವತ್ತು ಕೊಟ್ಟ ಮೇಲೂ ಕನ್ನಡ ಇಂಗ್ಲಿಷಿಗೆ ಸರಿಸಮ ಆಯಿತಷ್ಟೇ! ಕನ್ನಡಕ್ಕೆ ಜಾಸ್ತಿ ಜಾಗ ಕೊಟ್ಟುಬಿಟ್ಟರು ಅಂತ ಗೊಣಗುವ ಗಿರಾಕಿಗೆ ಈ ಲೆಕ್ಕವನ್ನು ಹಾಳೆಯ ಮೇಲೆ ಹಾಕಿ ತೋರಿಸುತ್ತೇನೆ. ಸುಮ್ನೆ ಆಗುತ್ತಾರೆ.

ಮಷೀನ್ ಕೆಲಸದಲ್ಲೂ ಕನ್ನಡ ಬೇರೆಯೇ ತರಹ ಸತಾಯಿಸುತ್ತದೆ. ಎಸಿಪಿಯಲ್ಲಿ ಅಕ್ಷರ ಕೊರೆದು ಹಿಂದೆ ಅಕ್ರಿಲಿಕ್ ಕೊಟ್ಟು ಬೆಳಕು ಬಿಡುವ ಬೋರ್ಡಿನಲ್ಲಿ, ಸೊನ್ನೆಯ ನಡುವಿನ ತುಂಡು ಕೊರೆದ ಕೂಡಲೇ ಕಳಚಿ ಬೀಳುತ್ತದೆ. ಅದನ್ನು ಎತ್ತಿಟ್ಟು, ಅಕ್ರಿಲಿಕ್ ಮೇಲೆ ಅದೇ ಜಾಗಕ್ಕೆ ಅಂಟಿಸಬೇಕು. ಉಬ್ಬು ಅಕ್ಷರ ಮಾಡುವಾಗ ಅಕ್ಷರಕ್ಕೆ ತಾಗದ ಪ್ರತಿ ಒತ್ತೂ ಒಂದು ಬೇರೆ ಡಬ್ಬಿ. ಅದಕ್ಕೆ ಬೇರೆ ತೂತು, ಬೇರೆ ವೈರ್. ಒತ್ತಿನ ಗೆರೆ ಕಿರಿದಾದರೆ ಎಲ್‌ಇಡಿ ಮಾಡ್ಯೂಲ್ ಒಳಗೆ ಹೋಗೋದೇ ಇಲ್ಲ. ಆಗ ರಾತ್ರಿ ಅಕ್ಷರ ಉರಿಯುತ್ತದೆ, ಒತ್ತು ಕತ್ತಲಲ್ಲಿ ಇರುತ್ತದೆ. ಇಂಗ್ಲಿಷಿಗೆ ಹೇಳಿದ ರೇಟಿನಲ್ಲೇ ಕನ್ನಡಕ್ಕೂ ಹೇಳಿದರೆ ಕೈಯಿಂದ ಹೋಗುತ್ತದೆ. ತುಂಡುಗಳನ್ನು ಎಣಿಸಿ ರೇಟ್ ಹೇಳಿ.

ಫಾಂಟ್ ವಿಷಯ ನಿಮಗೆ ಗೊತ್ತಿರಬಹುದು. ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್ ಅಕ್ಷರವನ್ನು ಹಳೆಯ ಸಾಫ್ಟ್‌ವೇರಿಗೆ ಹಾಕಿದರೆ ಒತ್ತೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹಾಗೇ ಕೊರೆಸಿ ನೇತುಹಾಕಿದ ಬೋರ್ಡುಗಳನ್ನು ಬೆಂಗಳೂರಿನಲ್ಲಿ ನೀವೂ ನೋಡಿರುತ್ತೀರಿ. ಕಟಿಂಗಿಗೆ ಕಳಿಸುವ ಮುಂಚೆ ಅಕ್ಷರಗಳನ್ನು ಕರ್ವ್ ಮಾಡಿ (ಅಂದರೆ ಫಾಂಟ್ ಬೇಕಾಗದ ಬರೀ ಗೆರೆಯ ಚಿತ್ರ ಮಾಡಿ), ಪ್ರಿಂಟ್ ತೆಗೆದು, ಕನ್ನಡ ಓದಲು ಬರುವವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಗಿರಾಕಿಯ ಸಹಿ ಆ ಪ್ರಿಂಟಿನ ಮೇಲೇ ಇರಲಿ.

ಬಣ್ಣದಲ್ಲಿ ಒಂದೇ ಮಾತು: ಬಿಸಿಲು ಹೊಡೆಯುವ ಕಡೆ ಕೆಂಪು ಮೊದಲು ಸಾಯುತ್ತದೆ. ಕಪ್ಪು, ನೀಲಿ ಬಾಳುತ್ತವೆ.

ಏರಿಸಿ ಕಟ್ಟುವ ಕೆಲಸವನ್ನು ಹಗುರ ಮಾಡಬೇಡಿ. ಆಂಕರ್ ಬೋಲ್ಟ್ ಬಾಗಿಲ ಮೇಲಿನ ಕಾಂಕ್ರೀಟ್ ಲಿಂಟಲ್ಲಿಗೆ ಬೀಳಬೇಕು, ಟೊಳ್ಳು ಇಟ್ಟಿಗೆಗೆ ಅಲ್ಲ. ಎಲ್‌ಇಡಿಯ ವೈರ್ ಉದ್ದವಾದರೆ ಕೊನೆಯ ಅಕ್ಷರಗಳು ಮಂಕಾಗುತ್ತವೆ, ಅದಕ್ಕೆ 12 ವೋಲ್ಟ್ ಸಪ್ಲೈಯನ್ನು ಎರಡೂ ಕಡೆಯಿಂದ ಕೊಡಿ. ಮೇಲೆ ಕರೆಂಟ್ ಲೈನ್ ಹೋಗಿದ್ದರೆ ಉದ್ದದ ಕಬ್ಬಿಣದ ಪೈಪನ್ನು ಎತ್ತಲೇಬೇಡಿ. ಲೈನ್ ಆಫ್ ಮಾಡಿಸೋಕೆ ಒಂದು ದಿನ ತಡವಾದರೆ ಆಗಲಿ.

ಕಲಿಯೋದು ಎಲ್ಲಿಂದ ಅಂದರೆ, ನಿಮ್ಮೂರಲ್ಲಿ ಇನ್ನೂ ಶಾಲೆ ಗೋಡೆ, ಲಾರಿ, ದೇವಸ್ಥಾನದ ಫಲಕ ಬರೆಯುವ ಹಿರಿಯ ಆರ್ಟಿಸ್ಟ್ ಒಬ್ಬರಾದರೂ ಇರುತ್ತಾರೆ. ಅವರ ಜೊತೆ ಒಂದು ಬೇಸಿಗೆ ಓಡಾಡಿ, ಡಬ್ಬಿ ಹಿಡಿಯಿರಿ. ಮನೆಯಲ್ಲಿ ಹಳೆ ಪೇಪರಿನ ಮೇಲೆ ಬರೀ ರ, ಠ, ದ, ಕ ಬರೆಯುತ್ತಿರಿ. ಈ ದುಂಡು ಬಂದರೆ ಅರ್ಧ ವರ್ಣಮಾಲೆ ಬಂದ ಹಾಗೆ. ಅಂಗಡಿಗೆ ಮೊದಲು ಅಂಟಿನ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಒಂದು ವಿನೈಲ್ ಕಟಿಂಗ್ ಪ್ಲಾಟರ್ ಸಾಕು. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಮಷೀನ್), ಲೇಸರ್ ಕಟಿಂಗನ್ನು ಹೊರಗೆ ಮಾಡಿಸಿ. ಫ್ಲೆಕ್ಸ್ ಮಷೀನಿಗೆ ಸಾಲ ಮಾಡಬೇಡಿ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು, 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ರಾಶಿ ರಾಶಿ ಕಿತ್ತರು. ಮತ್ತೆ ಬಂದಿದೆ ನಿಜ, ಆದರೆ ಯಾವಾಗ ಬೇಕಾದರೂ ನಿಲ್ಲಬಹುದಾದ ಕೆಲಸಕ್ಕೆ ಕಂತು ಕಟ್ಟುತ್ತಾ ಕೂರೋದು ಯಾಕೆ? ಮತ್ತೆ, ಅರ್ಧ ದುಡ್ಡು ಕೈಗೆ ಬರದೆ ಶೀಟು ಕತ್ತರಿಸಬೇಡಿ. ಇನ್ನೊಬ್ಬರ ಹೆಸರು ಕೊರೆದ ಬೋರ್ಡನ್ನು ಬೇರೆ ಯಾರಿಗೂ ಮಾರೋಕೆ ಆಗಲ್ಲ.