ಸುಸ್ತಾಗುವ ಮೊದಲೇ ಕೂರುವುದು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇವರನ್ನು ಟೀಚರ್ ಅಂತಲೇ ಕರೆಯುತ್ತೇನೆ.

ವಯಸ್ಸು ನಲವತ್ತರ ಆಸುಪಾಸು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಕೆಲವು ವರ್ಷಗಳಿಂದ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುವ ಕಾಯಿಲೆ ಅದು. ಇವರ ನಡಿಗೆ ಸರಿಯಾಗಿದೆ, ಕಣ್ಣೂ ಚೆನ್ನಾಗಿದೆ. ನೋಡಿದವರಿಗೆ ಏನೂ ಆಗಿಲ್ಲ ಅನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. "ಮಧ್ಯಾಹ್ನದ ಕ್ಲಾಸಿಗೆ ಬೋರ್ಡಿನ ಮೇಲೆ ಕೈ ಎತ್ತಕ್ಕಾಗಲ್ಲ. ನಾನೇ ನಾಟಕ ಆಡ್ತಿದೀನೇನೋ ಅಂತ ಅನುಮಾನ ಬರುತ್ತೆ" ಎಂದರು.

ನಾಟಕ ಅಲ್ಲ. ಈ ಕಾಯಿಲೆ ಇರುವ ಬಹುತೇಕರಿಗೆ ಈ ದಣಿವು ಇರುತ್ತದೆ. ಎಷ್ಟೋ ಜನ ಕೆಲಸ ಬಿಡುವುದು ಇದೇ ಕಾರಣಕ್ಕೆ. ಆದರೂ ಮೊದಲು ಅವರ ನರರೋಗ ತಜ್ಞರ ಹತ್ತಿರ ಕಳಿಸಿದೆ. ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ, ಖಿನ್ನತೆ, ಔಷಧಿಗಳ ಅಡ್ಡಪರಿಣಾಮ, ಇವೂ ಸುಸ್ತು ತರುತ್ತವೆ. ಇವಕ್ಕೆ ಬೇರೆ ಚಿಕಿತ್ಸೆ ಇದೆ. ಅಂಥದ್ದೇನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಕೆಲಸ ಶುರು ಮಾಡಿದೆವು.

ಒಂದು ವಾರ ಡೈರಿ ಬರೆಯಿರಿ ಎಂದೆ. ಪ್ರತಿ ಗಂಟೆ ಏನು ಮಾಡಿದಿರಿ, ನಿಂತೋ ಕೂತೋ, ಸುಸ್ತು ಸೊನ್ನೆಯಿಂದ ಹತ್ತರೊಳಗೆ ಎಷ್ಟು. ಕೊನೆಗೊಂದು ಕಾಲಂ: ಈ ಕೆಲಸ ನಿಮಗೆ ಬೇಕಿತ್ತಾ?

ಗಣಿತದ ಟೀಚರ್ ಅಲ್ವಾ, ಡೈರಿ ಅಚ್ಚುಕಟ್ಟಾಗಿತ್ತು. ಓದಿದಾಗ ಎರಡು ವಿಷಯ ಕಂಡವು. ಒಂದು, ಚೆನ್ನಾಗಿದ್ದ ದಿನವೇ ಅವರಿಗೆ ಶತ್ರು. ಸ್ವಲ್ಪ ಹುಷಾರು ಅನಿಸಿದ ಕೂಡಲೇ ಬಾಕಿ ಉಳಿದದ್ದನ್ನೆಲ್ಲ ಒಂದೇ ದಿನ ಮಾಡಿ ಮುಗಿಸುತ್ತಿದ್ದರು. ಆಮೇಲೆ ಎರಡು ದಿನ ಹಾಸಿಗೆ. ಇನ್ನೊಂದನ್ನು ನೋಡಿ ನನಗೆ ಬೇಜಾರಾಯಿತು. 'ಬೇಕಿತ್ತು' ಎಂದು ಗುರುತು ಹಾಕಿದ್ದು ಬರೀ ಪಾಠ ಮಾತ್ರ. ಹಿಂದೆ ವಾರಕ್ಕೊಮ್ಮೆ ಗೆಳತಿಯರ ಜೊತೆ ಹಾಡಲು ಹೋಗುತ್ತಿದ್ದರಂತೆ. ಅದನ್ನು ನಿಲ್ಲಿಸಿದ್ದಾರೆ. ಇಡೀ ಮನೆಯವರ ಬಟ್ಟೆಗೆ ಇಸ್ತ್ರಿ ಹಾಕುವುದನ್ನು ಮಾತ್ರ ನಿಂತುಕೊಂಡೇ ಮುಂದುವರಿಸಿದ್ದಾರೆ.

ದಣಿದವರಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಸಂಬಳ ಕಡಿಮೆಯಾದಾಗ ಮೊದಲು ಕೈಬಿಡುವುದು ಸಿನಿಮಾ, ಪ್ರವಾಸ. ಶಕ್ತಿ ಕಡಿಮೆಯಾದಾಗಲೂ ಜನ ಹಾಗೇ ಲೆಕ್ಕ ಹಾಕುತ್ತಾರೆ. ಖುಷಿ ಕೊಡುವುದು ಹೋಗುತ್ತದೆ, ಕರ್ತವ್ಯ ಎನಿಸಿದ್ದು ಉಳಿಯುತ್ತದೆ. ನಾನು ಮಾಡುವ ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳ ಮೂಲಕ ಕೊಡುವ ಚಿಕಿತ್ಸೆ, ಇದನ್ನು ಒಪ್ಪುವುದಿಲ್ಲ. ಮನುಷ್ಯನಿಗೆ ಅರ್ಥ ಕೊಡುವ ಕೆಲಸಗಳನ್ನು ಅವನಿಗೆ ವಾಪಸ್ ಕೊಡಿಸುವುದೇ ಈ ವೃತ್ತಿಯ ಮೂಲ ಉದ್ದೇಶ. ಹಾಡನ್ನು ಮತ್ತೆ ವಾರದೊಳಗೆ ಸೇರಿಸೋಣ, ಇಸ್ತ್ರಿಯನ್ನು ಹೊರಗೆ ತಳ್ಳೋಣ ಎಂದೆ. ನಕ್ಕರು, ನಂಬಲಿಲ್ಲ.

ನಂಬಿಕೆ ಬರಲಿ ಎಂದು ಒಂದು ಸಂಶೋಧನೆಯ ವಿಷಯ ಹೇಳಿದೆ. ಆಕ್ಯುಪೇಶನಲ್ ಥೆರಪಿಸ್ಟ್ ಟಾನ್ಯಾ ಪ್ಯಾಕರ್ ಮತ್ತು ಸಂಗಡಿಗರು ದಣಿದವರು ಶಕ್ತಿ ಉಳಿಸಿಕೊಳ್ಳುವುದನ್ನು ಕಲಿಸುವ ಆರು ವಾರದ ಒಂದು ಕೋರ್ಸನ್ನು 1995ರಲ್ಲಿ ಪ್ರಕಟಿಸಿದರು. ವಾರಕ್ಕೆ ಎರಡು ಗಂಟೆ, ಸಣ್ಣ ಗುಂಪು. ದಿನದ ನಡುವೆ ವಿಶ್ರಾಂತಿ, ತಮಗೆ ಏನು ಬೇಕು ಎಂದು ಬೇರೆಯವರಿಗೆ ಬಿಡಿಸಿ ಹೇಳುವುದು, ಕೂರುವ ನಿಲ್ಲುವ ರೀತಿ, ಯಾವುದು ಮುಖ್ಯ ಯಾವುದು ಅಲ್ಲ ಎಂದು ಆರಿಸುವುದು, ಇವೆಲ್ಲ ಅದರಲ್ಲಿವೆ. ಸಂಶೋಧಕ ವರ್ಜಿಲ್ ಮ್ಯಾಥಿಯೋವೆಟ್ಜ್ ಮತ್ತು ಸಂಗಡಿಗರು ಇದನ್ನು ಇದೇ ಕಾಯಿಲೆಯ 169 ಜನರ ಮೇಲೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ದಣಿವು ದಿನನಿತ್ಯದ ಬದುಕನ್ನು ಕೆಡಿಸುವುದು ಕಡಿಮೆಯಾಗಿತ್ತು. 'ನಾನೇ ನಿಭಾಯಿಸಬಲ್ಲೆ' ಎಂಬ ಧೈರ್ಯ ಹೆಚ್ಚಿತ್ತು. ಒಂದು ವರ್ಷದ ನಂತರವೂ ಲಾಭ ಉಳಿದಿತ್ತು. ಕಾಯಿಲೆ ವಾಸಿಯಾಗಲಿಲ್ಲ, ಅದನ್ನೂ ಮುಚ್ಚಿಡದೆ ಹೇಳಿದೆ.

ತುಂಬಾ ಕಷ್ಟವಾಗಿದ್ದು ವಿಶ್ರಾಂತಿ. "ಸುಸ್ತೇ ಆಗದೆ ಹೇಗೆ ಮಲಗೋದು? ನಾಚಿಕೆ ಆಗುತ್ತೆ" ಎಂದರು. ಸುಸ್ತಾಗಿ ಬಿದ್ದ ಮೇಲೆ ಸುಧಾರಿಸಲು ತುಂಬಾ ಹೊತ್ತು ಬೇಕು. ಅದಕ್ಕಿಂತ ಮೊದಲೇ ಹದಿನೈದು ನಿಮಿಷ ಕಣ್ಣು ಮುಚ್ಚಿದರೆ ಮಧ್ಯಾಹ್ನ ಉಳಿಯುತ್ತದೆ. ಟೈಮ್‌ಟೇಬಲ್‌ನಲ್ಲಿ ಅದನ್ನೂ ಒಂದು ಪೀರಿಯಡ್ ಎಂದು ಬರೆದುಕೊಳ್ಳಿ, ಫೋನ್ ನೋಡುವುದು ವಿಶ್ರಾಂತಿ ಅಲ್ಲ ಎಂದೆ. ಬೋರ್ಡಿನ ಪಕ್ಕ ಎತ್ತರದ ಸ್ಟೂಲು ಇಡಿಸಲು ಹೇಳಿದೆ. ಶಾಖ ಹೆಚ್ಚಾದರೆ ಈ ಕಾಯಿಲೆಯ ಲಕ್ಷಣಗಳು ತಾತ್ಕಾಲಿಕವಾಗಿ ಜೋರಾಗುತ್ತವೆ. ಇವರ ಡೈರಿಯಲ್ಲೂ ಸ್ನಾನ ಆದ ತಕ್ಷಣ ಅಂಕ ಏರುತ್ತಿತ್ತು. ಹಾಗಾಗಿ ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರು, ಅದೂ ಕೂತುಕೊಂಡು.

ಇನ್ನೊಮ್ಮೆ ಅವರ ಮನೆಯವರೂ ಬಂದರು. ಒಳ್ಳೆಯ ಮನುಷ್ಯ. "ನೀನು ಸುಮ್ನೆ ಕೂತ್ಕೋ ಅಂತ ಎಷ್ಟು ಹೇಳಿದ್ರೂ ಕೇಳಲ್ಲ" ಎಂದರು. ಟೀಚರ್ ಮುಖ ಬಾಡಿತು. ಸುಮ್ನೆ ಕೂರಿಸುವುದು ಸಹಾಯ ಅಲ್ಲ ಎಂದು ಅವರಿಗೆ ತಿಳಿಸಲು ಸ್ವಲ್ಪ ಹೊತ್ತು ಬೇಕಾಯಿತು. ಯಾವ ಕೆಲಸ ಬಿಡಬೇಕು ಎಂದು ಟೀಚರೇ ಹೇಳಲಿ, ನೀವು ಅದನ್ನು ಮಾತ್ರ ತೆಗೆದುಕೊಳ್ಳಿ ಎಂದೆ. ಇಸ್ತ್ರಿ ಗಂಡನ ಪಾಲಿಗೆ ಹೋಯಿತು. ಗೆರೆ ಸರಿಯಾಗಿ ಕೂರುವುದಿಲ್ಲ ಎಂಬ ಜಗಳ ಇನ್ನೂ ಇದೆ!

ಓದುಗರಿಗೆ ಒಂದು ಎಚ್ಚರಿಕೆ. ಟೀಚರಿಗೆ ಹದವಾದ ವ್ಯಾಯಾಮವನ್ನೂ ಸೂಚಿಸಿದ್ದೆ, ಈ ಕಾಯಿಲೆಯಲ್ಲಿ ಅದು ಒಳ್ಳೆಯದು. ಆದರೆ ದೀರ್ಘಕಾಲದ ಆಯಾಸದ ಕಾಯಿಲೆ, ಅಂದರೆ ಎಂಇ/ಸಿಎಫ್‌ಎಸ್ ಇರುವವರಿಗೆ ಶ್ರಮ ಜಾಸ್ತಿಯಾದರೆ ಸ್ಥಿತಿ ಹದಗೆಡುತ್ತದೆ. ಹಂತ ಹಂತವಾಗಿ ಹೆಚ್ಚಿಸುವ ವ್ಯಾಯಾಮವನ್ನು ಅವರಿಗೆ ಕೊಡಬೇಡಿ ಎಂದು ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ (NICE) ಸಂಸ್ಥೆ 2021ರಲ್ಲಿ ಹೇಳಿದೆ. ಒಬ್ಬರ ಸಲಹೆಯನ್ನು ಇನ್ನೊಬ್ಬರು ಎತ್ತಿಕೊಳ್ಳಬೇಡಿ.

ಈಗ ಮಧ್ಯಾಹ್ನದ ಅಂಕ ಎಂಟರಿಂದ ಐದಕ್ಕೆ ಇಳಿದಿದೆ, ಎಲ್ಲ ದಿನವೂ ಅಲ್ಲ. ಮುಂದೆ ಪರೀಕ್ಷೆಯ ಕಾಲ. ಮೂರು ಗಂಟೆ ನಿಂತು ಮೇಲ್ವಿಚಾರಣೆ ಮಾಡುವ ಬದಲು ಬೇರೆ ಕೆಲಸ ಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಈಗಲೇ ಕೇಳಿ, ಕುಸಿದ ದಿನ ಕೇಳಬೇಡಿ ಎಂದಿದ್ದೇನೆ. ಏನು ಹೇಳಬೇಕು ಎಂದು ಇಬ್ಬರೂ ಕೂತು ನಾಲ್ಕು ಸಾಲು ಬರೆದೆವು. "ದಯವಿಟ್ಟು ಕ್ಷಮಿಸಿ" ಎಂದು ಶುರು ಮಾಡಿದ್ದರು. ಆ ಸಾಲು ಹೊಡೆದುಹಾಕಿಸಿದೆ.