ಶಿವಮೊಗ್ಗದ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮ ಪಿನ್ ಕೋಡ್ 577201. ಇದನ್ನು 2ರಿಂದ 13ರವರೆಗಿನ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ ಉಳಿಯುತ್ತದೆ. ಹಾಗಾದರೆ ಇದು ಅವಿಭಾಜ್ಯ ಸಂಖ್ಯೆ ತಾನೇ? 4ರಿಂದ ಭಾಗಿಸಿದರೆ 1 ಉಳಿಯುವುದರಿಂದ, ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?
– ವಿದ್ಯಾರ್ಥಿನಿ, ದುರ್ಗಿಗುಡಿ, ಶಿವಮೊಗ್ಗ

ಉತ್ತರ: ಇನ್ನೊಂದೇ ಒಂದು ಹೆಜ್ಜೆ ಮುಂದೆ ಹೋಗಿದ್ದರೆ ಸಿಕ್ಕಿಬಿಡುತ್ತಿತ್ತು! 13ರ ನಂತರದ ಅವಿಭಾಜ್ಯ 17. ಅದರಿಂದ ಭಾಗ ಹೋಗುತ್ತದೆ.

ನೀವು 7, 11, 13ಕ್ಕೆ ಮೂರು ಸಲ ಭಾಗಾಕಾರ ಮಾಡಿರಬೇಕು. ಅಷ್ಟು ಕಷ್ಟ ಬೇಡ. 7 × 11 × 13 = 1001. ಹಾಗಾಗಿ ಸಂಖ್ಯೆಯನ್ನು 577 ಮತ್ತು 201 ಎಂದು ಒಡೆದು ಕಳೆಯಿರಿ: 376. ಇದು ಆ ಮೂರರಲ್ಲಿ ಯಾವುದರಿಂದಲೂ ಭಾಗವಾಗದು, ಆದ್ದರಿಂದ ಮೂಲ ಸಂಖ್ಯೆಯೂ ಆಗದು. (ಅಂಚೆ ಇಲಾಖೆಯೂ ಪಿನ್ ಕೋಡನ್ನು ಇಲ್ಲೇ ಒಡೆಯುತ್ತದೆ. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಗೆ, ಕೊನೆಯ ಮೂರು ಅಂಚೆ ಕಚೇರಿಗೆ. 577 ನಮ್ಮದೊಂದೇ ಅಲ್ಲ, ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರಿನದೂ ಹೌದು.)

17ಕ್ಕೆ ಬೇರೆ ಉಪಾಯವಿದೆ. ಕೊನೆಯ ಅಂಕಿಯನ್ನು 5ರಿಂದ ಗುಣಿಸಿ, ಉಳಿದದ್ದರಿಂದ ಕಳೆಯುತ್ತಾ ಹೋಗಿ. 57720 − 5 = 57715. 5771 − 25 = 5746. 574 − 30 = 544. 54 − 20 = 34. ಇದು 17ರ ಎರಡರಷ್ಟು, ಅಲ್ವಾ? ಭಾಗಿಸಿದರೆ 33953. ಅದು ಮತ್ತೆ 19ರಿಂದ ಒಡೆಯುತ್ತದೆ, ಉಳಿಯುವುದು 1787. ಇದರ ವರ್ಗಮೂಲ 43ಕ್ಕಿಂತ ಕಡಿಮೆ. ಹಾಗಾಗಿ 41ರವರೆಗೆ ನೋಡಿದರೆ ಸಾಕು. ಯಾವುದೂ ಹೋಗುವುದಿಲ್ಲ.

577201 = 17 × 19 × 1787

ಸಂಖ್ಯೆ ಒಡೆಯದೇ ಹೋಗಿದ್ದರೆ ನೀವು ಸುಮ್ನೆ 13ಕ್ಕೆ ನಿಲ್ಲುವಂತಿರಲಿಲ್ಲ. ಅದರ ವರ್ಗಮೂಲ 759 ಚಿಲ್ಲರೆ. ಅಲ್ಲಿಯವರೆಗೆ 134 ಅವಿಭಾಜ್ಯಗಳಿವೆ, ಅಷ್ಟನ್ನೂ ನೋಡಬೇಕಿತ್ತು.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. 4ರಿಂದ ಭಾಗಿಸಿದಾಗ 1 ಉಳಿಸುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಹೇಳಿದ. ಅದನ್ನು ಸಾಧಿಸಿ ತೋರಿಸಿದವನು ಆಯ್ಲರ್. ಆದರೆ ಇದು ಅವಿಭಾಜ್ಯಗಳ ಮಾತು. ಉಳಿದ ಸಂಖ್ಯೆಗಳಲ್ಲಿ ಒಳಗಿನ ಅಪವರ್ತನಗಳನ್ನು ನೋಡಬೇಕು. 3 ಉಳಿಸುವ ಅವಿಭಾಜ್ಯ ಪ್ರತಿಯೊಂದೂ ಸಮ ಸಲ ಬಂದಿದ್ದರೆ ಮಾತ್ರ ಆಗುತ್ತದೆ. ಇಲ್ಲಿ 17ರದ್ದು ತಕರಾರಿಲ್ಲ, 16 + 1 ಎಂದು ಬರೆಯಬಹುದು. ಆದರೆ 19 ಮತ್ತು 1787 ಎರಡೂ 3 ಉಳಿಸುತ್ತವೆ, ಒಂದೊಂದೇ ಸಲ ಬಂದಿವೆ. 3 × 3 = 9, ಅದನ್ನು 4ರಿಂದ ಭಾಗಿಸಿದರೆ ಮತ್ತೆ 1! ನಿಮ್ಮನ್ನು ಮೋಸ ಮಾಡಿದ್ದು ಈ 1. ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ.

ವ್ಯತ್ಯಾಸವಾಗಿ ಬೇಕಾದರೆ ನಾಲ್ಕು ರೀತಿ ಬರೆಯಬಹುದು. ಒಂದನ್ನು ಹೇಳುತ್ತೇನೆ: 17 × 19 = 323. 323 ಮತ್ತು 1787ರ ಮೊತ್ತದ ಅರ್ಧ 1055, ವ್ಯತ್ಯಾಸದ ಅರ್ಧ 732. 1055ರ ವರ್ಗದಿಂದ 732ರ ವರ್ಗ ಕಳೆದರೆ ಸರಿಯಾಗಿ 577201. ಉಳಿದ ಮೂರು ನಿಮಗೆ.

ಪಕ್ಕದ ಭದ್ರಾವತಿಯ 577301 ಇನ್ನೂ ಸತಾಯಿಸುತ್ತದೆ: 47ರವರೆಗೆ ಬಗ್ಗುವುದೇ ಇಲ್ಲ. ಆಮೇಲೆ 47 × 71 × 173 ಎಂದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಸಾಗರದ 577401 ಹಾಗಲ್ಲ. 3 ಮತ್ತು 11 ಬೇಗ ಸಿಗುತ್ತವೆ, ಆದರೆ ಉಳಿಯುವ 17497 ಅವಿಭಾಜ್ಯ ಎಂದು ಖಚಿತ ಮಾಡಿಕೊಳ್ಳಲು 131ರವರೆಗೂ ಭಾಗಿಸಬೇಕು.