ಮುಳ್ಳಿನ ಗಿಡಕ್ಕೆ ಬಲೆ ಹೊದಿಸುವ ಮುನ್ನ

ಖಾಲಿ ಸೈಟಿನಲ್ಲಿ ನೆಟ್ಟ ಗೋಲ್ಡನ್ ಬ್ಯಾರೆಲ್ (ಹಳದಿ ಮುಳ್ಳಿನ ಗುಂಡನೆಯ ಕಳ್ಳಿ) ಮತ್ತು ಕತ್ತಾಳೆ ಗಿಡಗಳನ್ನು ರಾತ್ರಿ ಹೊತ್ತು ಏನೋ ಬಂದು ತಿಂದು ಹೋಗುತ್ತಿದೆ, ಯಾವ ಬಲೆ ಹೊದಿಸಲಿ, ಏನು ಸಿಂಪಡಿಸಲಿ ಎಂದು ಕೇಳಿದ್ದೀರಿ. ಬಲೆಯನ್ನು ಇನ್ನೂ ಕೊಂಡಿಲ್ಲವಾದರೆ ದಯವಿಟ್ಟು ಕೊಳ್ಳಬೇಡಿ. ಈಗಾಗಲೇ ಹೊದಿಸಿದ್ದರೆ ಇವತ್ತು ಸಂಜೆಯೊಳಗೆ ತೆಗೆದು ಸುತ್ತಿ ಒಳಗಿಡಿ.

ನಮ್ಮ ಮನೆ ಇರುವುದು ಬೆಂಗಳೂರಿನ ತುರಹಳ್ಳಿ ಕಾಡಿನ ಅಂಚಿನ ಬಡಾವಣೆಯೊಂದರಲ್ಲಿ. ಪಕ್ಕದ 30×40 ಸೈಟೂ ನಮ್ಮದೇ. ಬೋರ್‌ವೆಲ್ ಕೈಕೊಟ್ಟ ವರ್ಷ ಗುಲಾಬಿ, ದಾಸವಾಳಗಳ ಆಸೆ ಬಿಟ್ಟು, ನೀರು ಬೇಡದ ಗಿಡಗಳೇ ಸರಿ ಎಂದು ತೀರ್ಮಾನಿಸಿ, 14 ಗೋಲ್ಡನ್ ಬ್ಯಾರೆಲ್‌ಗಳನ್ನೂ ನಾಲ್ಕಾರು ಬಗೆಯ ಕತ್ತಾಳೆಗಳನ್ನೂ ತಂದು ನೆಟ್ಟೆ. ಮುಳ್ಳಿರುವ ಗಿಡವನ್ನು ಯಾರು ತಾನೇ ಮುಟ್ಟುತ್ತಾರೆ ಎಂಬ ಧೈರ್ಯ ನನಗೂ ಇತ್ತು; ನಿಮ್ಮ ಪ್ರಶ್ನೆಯಲ್ಲೂ ಅದೇ ಧೈರ್ಯ ಕಾಣುತ್ತಿದೆ. ಆದರೆ ಈ ಗಿಡಗಳ ತವರಾದ ಅಮೆರಿಕ ಖಂಡದ ಮರುಭೂಮಿಗಳಲ್ಲಿಯೇ ಹಂದಿಯನ್ನು ಹೋಲುವ ಜಾವೆಲಿನಾ ಎಂಬ ಪ್ರಾಣಿ ಪಾಪಾಸುಕಳ್ಳಿಯನ್ನು ಮುಳ್ಳುಸಮೇತ ಅಗಿದು ತಿನ್ನುತ್ತದೆ. ನಮ್ಮ ನಾಡಿನ ಕತೆಯೂ ಬೇರೆಯಲ್ಲ. ಕೆಂಪು ಬಣ್ಣ ತೆಗೆಯುವ ಆಸೆಯಿಂದ 1795ರಲ್ಲಿ ಭಾರತಕ್ಕೆ ತಂದ ಕಾಚಿನೀಲ್ ಕೀಟವು ಬೇಕಾಗಿದ್ದ ಜಾತಿಯಾಗಿರದೆ ಬಣ್ಣದ ಉದ್ಯಮಕ್ಕೆ ಒದಗಲಿಲ್ಲ. ಬದಲಿಗೆ ಎಲ್ಲೆಂದರಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ಹೀರಿ ಒಣಗಿಸಿಬಿಟ್ಟಿತು. ಮುಳ್ಳಿನ ಭರವಸೆ ಅಷ್ಟೇ.

ಮೊದಲ ವರ್ಷ ನನಗೆ ತೊಂದರೆ ಕೊಟ್ಟದ್ದು ಅಳಿಲು ಮತ್ತು ಕೋತಿಗಳು. ಅಳಿಲುಗಳು ಬುಡದ ಮಣ್ಣು ಕೆದಕಿ ಸಸಿಗಳನ್ನು ಅಲುಗಾಡಿಸುತ್ತಿದ್ದವು. ಕೋತಿಗಳಿಗೆ ತಿನ್ನುವ ಉದ್ದೇಶವೇ ಇರಲಿಲ್ಲ; ಕಿತ್ತು, ತಿರುಗಿಸಿ ನೋಡಿ, ಕಾಂಪೌಂಡ್ ಮೇಲೆ ಇಟ್ಟು ಹೋಗುತ್ತಿದ್ದವು. ಈಗ ಯೋಚಿಸಿದರೆ ಎರಡೂ ದೊಡ್ಡ ನಷ್ಟವಲ್ಲ, ಮತ್ತೆ ನೆಟ್ಟರೆ ಆ ಗಿಡಗಳು ಬೇರು ಬಿಡುತ್ತವೆ. ಆಗ ಮಾತ್ರ ಸಿಟ್ಟು ನೆತ್ತಿಗೇರಿ, ಅಕ್ಟೋಬರ್ ತಿಂಗಳಲ್ಲಿ ಒಂದು ಇಂಚಿನ ಕಣ್ಣಿರುವ ನೈಲಾನ್ ಬಲೆಯನ್ನು ತಂದು ಇಡೀ ಪಾತಿಗೆ ಹೊದಿಸಿದೆ.

ನನ್ನ ತಪ್ಪು ಎಲ್ಲಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಲೆ ಉದ್ದವಾಗಿತ್ತು. ಕತ್ತರಿಸಿದರೆ ಹಾಳಾಗುತ್ತದೆಂಬ ಜಿಪುಣತನದಿಂದ ಹೆಚ್ಚಾದ ಭಾಗವನ್ನು ನೆಲದ ಮೇಲೆ ಸೆರಗಿನಂತೆ ಹರಡಲು ಬಿಟ್ಟು, ಅಲ್ಲಲ್ಲಿ ಇಟ್ಟಿಗೆ ಹೇರಿದೆ. ಬಿಗಿಯಾಗಿ ಎಳೆದು ಕಟ್ಟಿದ ಬಲೆಯ ಕಣ್ಣು ಚೌಕವಾಗಿರುತ್ತದೆ; ಸಡಿಲವಾಗಿ ಮಡಿಕೆ ಬಿದ್ದ ಬಲೆಯ ಕಣ್ಣು ಉರುಳಾಗುತ್ತದೆ. ನೆಲದ ಮೇಲೆ ಬಿದ್ದ ಆ ಸೆರಗಿನಲ್ಲಿ ಒಂದರ ಮೇಲೊಂದು ನಾಲ್ಕು ಪದರ, ಅಂದರೆ ನೂರಾರು ಉರುಳುಗಳಿದ್ದವು. ಜೊತೆಗೆ ಬಲೆಯ ಹಸಿರು ಬಣ್ಣ ಹುಲ್ಲಿನ ಬಣ್ಣದಲ್ಲಿ ಬೆರೆತುಹೋಗಿತ್ತು. ನವೆಂಬರ್‌ನ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋದವನಿಗೆ ಕಂಡದ್ದು ಆ ಮಡಿಕೆಗಳಲ್ಲಿ ಸಿಕ್ಕಿಕೊಂಡಿದ್ದ ಆರಡಿಯ ಕೇರೆಹಾವು. ರಾತ್ರಿಯೆಲ್ಲ ಒದ್ದಾಡಿದ್ದರಿಂದ ನೈಲಾನ್ ಎಳೆ ಎರಡು ಕಡೆ ಚರ್ಮವನ್ನು ಕುಯ್ದು ಒಳಗಿಳಿದಿತ್ತು.

ಹಾವು ಹಿಡಿಯುವ ಹುಡುಗ ಬಂದು, ಸಣ್ಣ ಕತ್ತರಿಯಿಂದ ಒಂದೊಂದೇ ಎಳೆಯನ್ನು ಬಿಡಿಸುತ್ತ, "ಸರ್, ಹಾವಿಗೆ ರಿವರ್ಸ್ ಗೇರ್ ಇಲ್ಲ. ತಲೆ ತೂರಿಸಿದ ಮೇಲೆ ಮುಂದಕ್ಕೇ ಹೋಗುತ್ತೆ, ಹಿಂದಕ್ಕೆ ಎಳೆದುಕೊಂಡರೆ ಹುರುಪೆಯ ಅಂಚಿಗೆ ದಾರ ಸಿಕ್ಕಿಕೊಳ್ಳುತ್ತೆ" ಎಂದ. ಮೈಯ ಹುರುಪೆಗಳೆಲ್ಲ ಬಾಲದ ಕಡೆಗೆ ಬಾಗಿರುವುದನ್ನು ಬೆರಳಿಟ್ಟು ತೋರಿಸಿದ. ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಚಿಕಿತ್ಸೆಗೆ ಒಯ್ದರೂ ಅದು ಮೂರನೆಯ ದಿನ ಸತ್ತಿತೆಂದು ಫೋನು ಮಾಡಿ ತಿಳಿಸಿದ. ಕೇರೆಹಾವಿಗೆ ವಿಷವಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಆಹಾರ ಇಲಿ.

ಇದರ ಬೆಲೆ ಎಷ್ಟೆಂಬುದು ಗೊತ್ತಾದದ್ದು ಸಂಕ್ರಾಂತಿ ಕಳೆದ ಮೇಲೆ. ಸುತ್ತಲಿನ ಹುಲ್ಲು ಒಣಗಿ ಬಣ್ಣಗೆಟ್ಟಿತ್ತು. ಆ ಸೈಟಿನಲ್ಲಿ ಹಸಿಯಾಗಿ, ನೀರು ತುಂಬಿಕೊಂಡು ಕುಳಿತಿದ್ದವು ನನ್ನ ಗಿಡಗಳು ಮಾತ್ರ. ಒಂದು ದಿನ ಒಂದು ಗೋಲ್ಡನ್ ಬ್ಯಾರೆಲ್ ಸ್ವಲ್ಪ ವಾಲಿದಂತೆ ಕಂಡು ಬೂಟುಗಾಲಿನಿಂದ ಮೆಲ್ಲನೆ ತಳ್ಳಿದರೆ ಖಾಲಿ ಬುಟ್ಟಿಯಂತೆ ಉರುಳಿತು. ಮೇಲಿನ ಹಳದಿ ಮುಳ್ಳುಗಳೆಲ್ಲ ಅಚ್ಚುಕಟ್ಟಾಗಿದ್ದವು, ಒಳಗೆ ತಿರುಳೇ ಇರಲಿಲ್ಲ. ಹೆಗ್ಗಣಗಳು ಮುಳ್ಳಿನ ತಂಟೆಗೇ ಹೋಗದೆ ಬುಡದಲ್ಲಿ ಬಿಲ ತೋಡಿ, ತಳದಿಂದ ಮೇಲಕ್ಕೆ ತಿನ್ನುತ್ತ ಬಂದಿದ್ದವು. ಮಾರ್ಚ್ ಮುಗಿಯುವುದರೊಳಗೆ 14ರಲ್ಲಿ 9 ಹೋದವು. ಒಂದು ಹಾವು ಇಲ್ಲದ್ದೇ ಇದಕ್ಕೆಲ್ಲ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಅದಕ್ಕೆ ಹಿಂದಿನ ಬೇಸಿಗೆಯಲ್ಲಿ ಆ ಪಾತಿಯಲ್ಲಿ ಒಂದೇ ಒಂದು ಬಿಲವೂ ಇರಲಿಲ್ಲ.

ಆದ್ದರಿಂದ ಏನು ಸಿಂಪಡಿಸಲಿ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಯಾರು ತಿನ್ನುತ್ತಿದ್ದಾರೆ ಎಂಬುದನ್ನು ಮೊದಲು ಕಂಡುಕೊಳ್ಳಿ. ಬೆಳಿಗ್ಗೆ ಆರು ಗಂಟೆಗೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಯವನ್ನು ನೋಡಿ. ಉಳಿ ಹೊಡೆದಂತೆ ಜೋಡಿ ಗೀರುಗಳಿದ್ದರೆ ಅದು ಇಲಿ ಅಥವಾ ಹೆಗ್ಗಣದ ಹಲ್ಲು. ಒಣಗಿದ ಬೆಳ್ಳನೆಯ ಲೋಳೆಯ ಜಾಡಿದ್ದರೆ ಬಸವನಹುಳು. ಮಳೆಗಾಲದಲ್ಲಿ ಈ ಊರಿನಲ್ಲಿ ಅಂಗೈಯಗಲದ ಆಫ್ರಿಕನ್ ಬಸವನಹುಳುಗಳಿಗೇನೂ ಬರವಿಲ್ಲ. ಸಂಜೆ ಪಪ್ಪಾಯಿ ಸಿಪ್ಪೆ ಇಟ್ಟು ರಾತ್ರಿ ಟಾರ್ಚ್ ಹಿಡಿದು ಹೋಗಿ ಆರಿಸಿದರೆ ಆಯಿತು, ಕೈಗವಸು ಮರೆಯಬೇಡಿ. ಉಪ್ಪನ್ನು ಮಾತ್ರ ಪಾತಿಗೆ ಹಾಕಬೇಡಿ, ಮಣ್ಣು ಕೆಡುತ್ತದೆ. ಖಾರದಪುಡಿಯ ನೀರು ಒಂದು ಮಳೆಗೆ ತೊಳೆದುಹೋಗುತ್ತದೆ. ಹಕ್ಕಿಗಳಿಗಂತೂ ಖಾರ ಹತ್ತುವುದೇ ಇಲ್ಲ. ಇಲಿ ಪಾಷಾಣದ ವಿಷಯವನ್ನು ಮನಸ್ಸಿನಿಂದಲೇ ತೆಗೆದುಹಾಕಿ, ಏಕೆಂದರೆ ಬ್ರೊಮಾಡಿಯೊಲೋನ್‌ನಂಥ ಪಾಷಾಣ ತಿಂದ ಇಲಿ ಸಾಯಲು ಕೆಲವು ದಿನ ಬೇಕು, ಅಷ್ಟರಲ್ಲಿ ಅದನ್ನು ಹಿಡಿದು ತಿಂದ ಗೂಬೆಗೋ ಬೆಕ್ಕಿಗೋ ಆ ವಿಷ ಸೇರುತ್ತದೆ, ನೀವು ನನ್ನ ತಪ್ಪನ್ನೇ ಬೇರೆ ದಾರಿಯಲ್ಲಿ ಮಾಡಿದಂತಾಗುತ್ತದೆ.

ನಾನು ಕೊನೆಗೆ ಮಾಡಿದ್ದು ಇಷ್ಟು. ಎಸ್.ಜೆ.ಪಿ. ರಸ್ತೆಯಿಂದ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಜಾಲರಿ ತಂದು, ಪ್ರತಿ ಗಿಡಕ್ಕೂ ಡಬ್ಬಿಯಾಕಾರದಲ್ಲಿ ಸುತ್ತಿ, ಒಂದಡಿ ನೆಲದೊಳಗೆ ಹೂತೆ. ತಳದ ಅಂಚನ್ನು ಹೊರಮುಖವಾಗಿ ಮಡಿಸಿದ್ದರಿಂದ ಬಿಲ ತೋಡುತ್ತ ಬಂದ ಹೆಗ್ಗಣಕ್ಕೆ ತಂತಿಯೇ ಎದುರಾಗುತ್ತದೆ. ಈ ಜಾಲರಿ ಗಟ್ಟಿಯಾಗಿರುವುದರಿಂದ ಮಡಿಕೆ ಬೀಳುವುದಿಲ್ಲ, ಉರುಳೂ ಆಗುವುದಿಲ್ಲ. ಸೈಟಿನ ಆಚೆ ಮೂಲೆಯಲ್ಲಿ ಬೇಸಿಗೆಯುದ್ದಕ್ಕೂ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡುತ್ತೇನೆ, ಅಳಿಲುಗಳ ಕಾಟ ಅದರಿಂದಲೇ ಅರ್ಧ ಇಳಿಯಿತು.

ಇನ್ನೊಂದು ಮಾತು. ಅಮೆರಿಕದ ಮರುಭೂಮಿ ಸೀಮೆಯಾದ ಅರಿಜೋನಾದ ಟಕ್ಸನ್ ನಗರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 300 ಮಿಲಿಮೀಟರ್ ಮಳೆ, ಬೆಂಗಳೂರಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ನಮ್ಮ ಅಂಟು ಕೆಮ್ಮಣ್ಣಿನಲ್ಲಿ ನೇರವಾಗಿ ನೆಟ್ಟಿದ್ದರೆ ಪ್ರಾಣಿಗಳು ಮುಟ್ಟದಿದ್ದರೂ ಸೆಪ್ಟೆಂಬರ್ ಹೊತ್ತಿಗೆ ಬುಡ ಕೊಳೆಯುತ್ತದೆ; ಒಂದೂವರೆ ಅಡಿ ದಿಬ್ಬ ಮಾಡಿ, ಅರ್ಧಕ್ಕರ್ಧ ಸಣ್ಣ ಜಲ್ಲಿ ಬೆರೆಸಿ ನೆಡಿ. ಯಾವ ಗೋಜೂ ಬೇಡವೆಂದರೆ ನಮ್ಮ ರೈತರು ಬೇಲಿಗೆ ಹಾಕುವ ಚದುರಗಳ್ಳಿಯನ್ನೇ ಬೆಳೆಸಿ, ಅದರ ಹಾಲಿಗೆ ಹೆದರಿ ಆಡೂ ಬಾಯಿ ಹಾಕುವುದಿಲ್ಲ. ಕತ್ತರಿಸುವಾಗ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಅರ್ಧ ತಿಂದ ಗಿಡಗಳನ್ನು ಎಸೆದುಬಿಡಬೇಡಿ. ಗಾಯವನ್ನು ಚೂಪಾದ ಚಾಕುವಿನಿಂದ ಕಲೆಯಿಲ್ಲದ ಹಸಿ ತಿರುಳು ಸಿಗುವವರೆಗೆ ಕೆತ್ತಿ, ಗಂಧಕದ ಪುಡಿ ಸವರಿ, ಮೂರು ವಾರ ನೀರು ಸೋಕಿಸದೆ ನೆರಳಿನಲ್ಲಿಡಿ. ಉಳಿದ ಐದರಲ್ಲಿ ಎರಡನ್ನು ಹೀಗೆಯೇ ಬದುಕಿಸಿಕೊಂಡಿದ್ದೇನೆ. ಎರಡೂ ಚೆನ್ನಾಗಿ ಬೆಳೆಯುತ್ತಿವೆ, ಆದರೆ ತಿಂದ ಕಡೆಗೆ ಓರೆಯಾಗಿ.